ಸೋತ ಗುರುವಿಗೆ ಬೀಳ್ಕೊಡುಗೆ

ಸಂತೋಷವೂ ದುಃಖವೂ ಬೇರೆ ಬೇರೆ ದಿನಗಳಲ್ಲಿ ಮನೆಗೆ ಬರುವುದೇ ಲೋಕದ ಸಾಮಾನ್ಯ ಕ್ರಮವು. ಎರಡೂ ಒಂದೇ ಗಳಿಗೆಯಲ್ಲಿ, ಒಂದೇ ಕಾರಣದಿಂದ ಬಾಗಿಲಿಗೆ ಬಂದು ನಿಂತರೆ ಯಾವುದಕ್ಕೆ ಮೊದಲು ಮಣೆ ಹಾಕಬೇಕೆಂಬುದು ಗೃಹಸ್ಥನಿಗೆ ತೋಚುವುದಿಲ್ಲ. ಮಗಳನ್ನು ಗಂಡನ ಮನೆಗೆ ಕಳುಹಿಸುವ ದಿನ ಇಂತಹ ಅನುಭವವು ತಂದೆತಾಯಿಗಳಿಗೆ ಆಗುವುದುಂಟು. ಆದರೆ ಒಂದು ಕಾಲ್ಚೆಂಡಿನ ಆಟದ ನಿಮಿತ್ತವಾಗಿ ಅದೇ ಬಗೆಯ ಸಂಕಟವು ನಮ್ಮ ಮನೆಯನ್ನು ಹೊಕ್ಕೀತೆಂದು ನಾನು ಎಣಿಸಿರಲಿಲ್ಲ. ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ. ಆಟದಲ್ಲಿ ಆಸಕ್ತಿಯಿಲ್ಲದವರೂ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ. ಆಟದ ಬಯಲಿನಲ್ಲಿ ಹೊರಟ ಮಾತು ಕೊನೆಗೆ ಮನೆಯ ಜಗಲಿಗೇ ಬಂದು ಸೇರುವುದು.

2021ನೆಯ ಇಸವಿಯ ಜನವರಿ 6, ಬುಧವಾರ. ಕೋವಿಡ್ ರೋಗದ ದೆಸೆಯಿಂದ ಶಾಲೆಗಳೂ ಕಚೇರಿಗಳೂ ಮನೆಯೊಳಕ್ಕೆ ಬಂದು ಕುಳಿತಿದ್ದ ಕಾಲವದು. ಮತ್ತಿಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಮಗಳು ತನ್ನ ಕಚೇರಿಯ ಕೆಲಸದಲ್ಲಿ ಮುಳುಗಿದ್ದಳು. ಒಳಕೋಣೆಯಲ್ಲಿ ನಾನು ಮೊಬೈಲನ್ನು ಎದುರಿಗಿಟ್ಟುಕೊಂಡು, ಕೆಳಗಿನ ತರಗತಿಯ ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಡುತ್ತಿದ್ದೆನು. ಇದ್ದಕ್ಕಿದ್ದಂತೆ ಅವಳು ಎದ್ದು ಬಂದು ಬಾಗಿಲಲ್ಲಿ ನಿಂತು, “ಅಪ್ಪಾ, ಕಾರ್ಲೆಸ್ ಅವರನ್ನು ಬಿಡಿಸಿಬಿಟ್ಟರಂತೆ” ಎಂದಳು. ಧ್ವನಿಯು ನಡುಗುತ್ತಿದ್ದಿತು. ಬಂಧುಗಳಲ್ಲಿ ಯಾರಿಗೋ ಏನೋ ಆಯಿತೆಂದು ನಾನು ಗಾಬರಿಗೊಂಡೆನು.

ಕಾರ್ಲೆಸ್ ಕ್ವಾಡ್ರಾಟ್ ಎಂಬವರು ಸ್ಪೇನ್ ದೇಶದ ಬಾರ್ಸಿಲೋನಾ ಪಟ್ಟಣದವರು. ನಮ್ಮೂರ ತಂಡವಾದ ಬೆಂಗಳೂರು ಎಫ್.ಸಿ.ಯ ಕೋಚ್, ಎಂದರೆ ಆಟದ ಗುರುಗಳು. ಹಿಂದಿನ ರಾತ್ರಿ ಮುಂಬೈ ಸಿಟಿ ತಂಡವು ನಮ್ಮವರನ್ನು 3–1 ಗೋಲುಗಳಿಂದ ಸೋಲಿಸಿದ್ದಿತು. ಅದು ಸಾಲಾಗಿ ಮೂರನೆಯ ಸೋಲು. ಆಗ ಇದೇ ಹುಡುಗಿಯು ಟೆಲಿವಿಷನ್ನಿನ ಮುಂದೆ ಎದ್ದು ನಿಂತು, “ಇವರನ್ನು ಇನ್ನೂ ಏಕೆ ಇಟ್ಟುಕೊಂಡಿದ್ದಾರೆ? ಮೊದಲು ಕಳುಹಿಸಲಿ!” ಎಂದು ಕೂಗಾಡಿದ್ದಳು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಅವಳ ಇಷ್ಟಾರ್ಥವು ಸಿದ್ಧಿಸಿದ್ದಿತು. ಆದರೆ ಅಂದು ಮಧ್ಯಾಹ್ನ ಅವಳ ತಟ್ಟೆಯಲ್ಲಿ ಕಲಸಿದ ಅನ್ನವು ಹಾಗೆಯೇ ಉಳಿಯಿತು.

“ನೀನೇ ಬೇಡವೆಂದೆಯಲ್ಲೇ, ಈಗ ಅಳುವುದೇಕೆ?” ಎಂದು ನನ್ನ ಪತ್ನಿಯು ಕೇಳಿದಳು.

“ಅಮ್ಮಾ, ಬೇಡವೆಂದದ್ದೂ ನಿಜ, ಅಳು ಬರುತ್ತಿರುವುದೂ ನಿಜ. ಯಾವುದು ಸುಳ್ಳೆಂದು ಹೇಳಲಿ?” ಎಂದು ಮಗಳು ಉತ್ತರ ಕೊಟ್ಟಳು.

ಈ ಉತ್ತರವು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತು. ಅದರ ಕಾರಣವನ್ನು ಮುಂದೆ ಹೇಳುವೆನು.

ಕೋಚ್ ಎಂಬವನ ಅಧಿಕಾರವೆಷ್ಟು, ಹೊಣೆಯೆಷ್ಟು ಎಂಬುದನ್ನು ಮೊದಲು ತಿಳಿಯಬೇಕು. ಕಣಕ್ಕಿಳಿಯುವ ಹನ್ನೊಂದು ಮಂದಿಯನ್ನು ಆರಿಸುವವನು ಅವನು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಂದೆ ಸರಿದು ಕೋಟೆಯನ್ನು ಕಾಯಬೇಕು, ದಣಿದವನ ಬದಲಿಗೆ ಯಾರನ್ನು ಕಳುಹಿಸಬೇಕು, ಎಲ್ಲವೂ ಅವನ ನಿರ್ಣಯವೇ. ಆದರೆ ಆಟವು ಆರಂಭವಾದ ಮೇಲೆ ಅವನ ಕಾಲಿಗೆ ಚೆಂಡು ತಗಲುವಂತಿಲ್ಲ. ಗೆರೆಯ ಹೊರಗೆ ನಿಂತು ಕೈಬೀಸಿ ಕೂಗುವುದಷ್ಟೇ ಅವನ ಪಾಲಿಗೆ ಉಳಿಯುವುದು. ಪರೀಕ್ಷಾ ಮಂದಿರದ ಹೊರಗೆ ನಿಂತ ಉಪಾಧ್ಯಾಯನ ಸ್ಥಿತಿಯೂ ಇದೇ. ಬರೆಯುವವನು ಹುಡುಗ, ಫಲಿತಾಂಶದ ದಿನ ತಲೆ ತಗ್ಗಿಸುವವನು ಮೇಷ್ಟರು.

ಸೋಲು ಮೇಲಿಂದ ಮೇಲೆ ಬಂದಾಗ ಕೋಚನ್ನೇ ಏಕೆ ಬಿಡಿಸುವರು? ಇದಕ್ಕೆ ವ್ಯಾವಹಾರಿಕವಾದ ಕಾರಣವೊಂದಿದೆ. ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಕರಾರಿನಿಂದ ಬದ್ಧರಾಗಿರುವರು. ಹೊಸಬರನ್ನು ಸೇರಿಸಿಕೊಳ್ಳಲು ವರ್ಷದಲ್ಲಿ ಎರಡು ಅವಧಿಗಳು ಮಾತ್ರ ಗೊತ್ತುಪಡಿಸಲ್ಪಟ್ಟಿವೆ. ಪಂದ್ಯಾವಳಿಯ ನಟ್ಟನಡುವೆ ತಂಡವನ್ನೆಲ್ಲ ಬದಲಾಯಿಸುವುದು ಆಗದ ಮಾತು. ಒಬ್ಬನನ್ನು ಬದಲಾಯಿಸುವುದು ಆಗುವ ಮಾತು. ಹೊಸ ಗುರುವು ಬಂದರೆ ಮೂಲೆಯಲ್ಲಿ ಕುಳಿತಿದ್ದ ಆಟಗಾರನಿಗೂ ಆಸೆಯು ಚಿಗುರುವುದುಂಟು. ಆದರೆ ಕೆಡುಕಿನ ಬೇರು ಎಲ್ಲಿದೆಯೆಂದು ಅಗೆದು ನೋಡುವುದಕ್ಕಿಂತ ಕೈಗೆ ಸಿಕ್ಕಿದ ಕೊಂಬೆಯನ್ನು ಕಡಿಯುವುದು ಸುಲಭವೆಂಬ ಮಾತೂ ಇದರಲ್ಲಿ ಅಡಗಿದೆ.

ಇಂಗ್ಲೆಂಡಿನ ಲೆಸ್ಟರ್ ಸಿಟಿ ಎಂಬ ತಂಡವು 2016ರಲ್ಲಿ ಯಾರೂ ನಿರೀಕ್ಷಿಸದಿದ್ದಾಗ ಆ ದೇಶದ ಅತ್ಯುನ್ನತ ಲೀಗನ್ನು ಗೆದ್ದಿತು. ಗೆಲ್ಲಿಸಿದ ಗುರು ಕ್ಲಾಡಿಯೋ ರಾನಿಯೇರಿ ಎಂಬ ಇಟಲಿಯ ವೃದ್ಧರು. ಮುಂದಿನ ವರ್ಷ ತಂಡವು ಕೆಳಗಿಳಿಯಲು, 2017ರ ಫೆಬ್ರವರಿಯಲ್ಲಿ, ಎಂದರೆ ಗೆದ್ದ ಒಂಬತ್ತೇ ತಿಂಗಳಿಗೆ, ಅವರನ್ನು ಬಿಡಿಸಿದರು. ಆ ಬಳಿಕ ತಂಡವು ಚೇತರಿಸಿಕೊಂಡು ಲೀಗಿನಲ್ಲಿ ಉಳಿದುಕೊಂಡಿತು. ಹಾಗಾದರೆ ಬಿಡಿಸಿದುದು ಸರಿಯಾಯಿತೇ? ಲೆಕ್ಕದ ಪುಸ್ತಕವು ಹೌದೆನ್ನುವುದು. ಆದರೆ ಹೃದಯವು ಲೆಕ್ಕದ ಪುಸ್ತಕವನ್ನು ಓದಲು ಒಪ್ಪುವುದಿಲ್ಲ.

ನಮ್ಮ ಊರಿಗೂ ಈ ಆಟಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಆ ಕೀರ್ತಿಯನ್ನು ಪಡೆದ ಮೊದಲನೆಯ ಭಾರತೀಯ ತಂಡವೆನಿಸಿದುದು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ಸಂಸ್ಥಾನದ ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿಯು ನಮಗೆ ದೊರೆಯಿತು. 1968–69ರ ತರುವಾಯ ಅರ್ಧ ಶತಮಾನಕ್ಕೂ ಮೀರಿ ಕಾದು, 2023ರ ಮಾರ್ಚಿಯಲ್ಲಿ ಕರ್ನಾಟಕವು ಅದನ್ನು ಮತ್ತೆ ಪಡೆಯಿತು. ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ತಂಡಗಳು ಮಧ್ಯಕಾಲದಲ್ಲಿ ದೀಪವನ್ನು ಆರದಂತೆ ಕಾಪಾಡಿದುವು.

2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿದಾಗ ಈ ದೀಪಕ್ಕೆ ಹೊಸ ಎಣ್ಣೆಯನ್ನು ಎರೆದಂತಾಯಿತು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಎಂಬ ಮೊದಲ ಗುರುವಿನ ಕೈಕೆಳಗೆ ಆಡಿದ ಮೊದಲ ಸಲವೇ ಐ-ಲೀಗನ್ನೂ, 2016ರಲ್ಲಿ ಮತ್ತೊಮ್ಮೆ ಅದನ್ನೂ ತಂಡವು ಗೆದ್ದಿತು. ಅನಂತರ ಬಂದ ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ 2016ರ ನವೆಂಬರಿನಲ್ಲಿ ಏಷ್ಯಾಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ನಡೆಯಿತು. ಅವರ ಸಹಾಯಕರಾಗಿ ಬಂದಿದ್ದವರೇ ಈ ಕ್ವಾಡ್ರಾಟ್. 2018ರಲ್ಲಿ ರೋಕಾ ಅವರು ಹೊರಟುಹೋದ ಮೇಲೆ ಪೀಠವು ಇವರಿಗೆ ಬಂದಿತು.

2018ರ ಮಾರ್ಚಿ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವು ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ನಡೆಯಿತು. ಸುನಿಲ್ ಛೆಟ್ರಿಯವರು ಮೊದಲ ಗೋಲು ಹೊಡೆದರೂ ಚೆನ್ನೈಯಿನ್ ತಂಡವು 3–2ರಿಂದ ಗೆದ್ದುಕೊಂಡು ಹೋಯಿತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚಿ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ಎದುರು ಹೆಚ್ಚುವರಿ ಆಟದ ಕೊನೆಯ ನಿಮಿಷಗಳಲ್ಲಿ ರಾಹುಲ್ ಭೇಕೆಯವರು ಚೆಂಡನ್ನು ತಲೆಯಿಂದ ಗೋಲಿಗೆ ದೂಡಿದಾಗ ಆ ಲೀಗು ಮೊದಲ ಸಲ ನಮ್ಮದಾಯಿತು. ಆಗ ಗೆರೆಯ ಹೊರಗೆ ಕುಣಿದಾಡುತ್ತಿದ್ದ ಗುರುಗಳು ಇದೇ ಕ್ವಾಡ್ರಾಟ್. ಆ ರಾತ್ರಿ ನಮ್ಮ ಬೀದಿಯಲ್ಲಿ ಹುಡುಗರು ಕೂಗಿದ ಕೂಗಿಗೆ ನಾಯಿಗಳು ಬೆಳಗಿನವರೆಗೆ ಮಲಗಲಿಲ್ಲ.

ಅಂತಹವರು ಇನ್ನೆರಡು ವರ್ಷ ತುಂಬುವ ಮೊದಲೇ ಹೊರಟರು. ಹೊರಟ ಬಗೆಯಾದರೂ ಹೇಗೆ! ಸೋಂಕಿನ ಭಯದಿಂದ ಆ ಸಲದ ಪಂದ್ಯಗಳೆಲ್ಲವೂ ಗೋವೆಯಲ್ಲೇ, ಪ್ರೇಕ್ಷಕರಿಲ್ಲದ ಬರಿಯ ಮೈದಾನಗಳಲ್ಲಿ ನಡೆದುವು. ಕಂಠೀರವದ ಪಶ್ಚಿಮ ಭಾಗದಲ್ಲಿ ನೀಲಿಯ ಅಂಗಿ ತೊಟ್ಟು, ತಮಟೆ ಬಾರಿಸಿ, ತೊಂಬತ್ತು ನಿಮಿಷವೂ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಬಳಗವಿದೆ. ನನ್ನ ಮಗಳೂ ಗೆಳತಿಯರೊಡನೆ ಅಲ್ಲಿಯೇ ನಿಲ್ಲುವವಳು. ಇವರಾರಿಗೂ ಆ ಗುರುವಿನ ಕೊನೆಯ ಆಟವನ್ನು ಕಣ್ಣಾರೆ ಕಾಣುವ ಅವಕಾಶವಾಗಲಿಲ್ಲ. ಕೈಯೆತ್ತಿ ಕಳುಹಿಸಿಕೊಡುವ ಅವಕಾಶವೂ ಆಗಲಿಲ್ಲ. ಬಾಗಿಲವರೆಗೆ ಹೋಗಿ ಬೀಳ್ಕೊಡದೆ ಅತಿಥಿಯನ್ನು ಕಳುಹಿಸಿದ ಮನೆಯವರಂತೆ ಅವರು ಚಡಪಡಿಸಿದರು.

ಅಂದು ಸಾಯಂಕಾಲ ಮಗಳೊಡನೆ ಮನೆಯ ಮಾಳಿಗೆಯ ಮೇಲೆ ಅಡ್ಡಾಡುತ್ತಾ ಅವಳ ಮನಸ್ಸನ್ನು ಬಿಡಿಸಿ ನೋಡಲು ಯತ್ನಿಸಿದೆನು. ಅದರಲ್ಲಿ ಹಲವು ಎಳೆಗಳು ಸಿಕ್ಕುಬಿದ್ದಿದ್ದುವು. ಇನ್ನು ಸೋಲು ನಿಂತೀತೆಂಬ ನೆಮ್ಮದಿಯೊಂದು. ಗೆಲ್ಲಿಸಿದವರನ್ನು ಮರೆತೆವಲ್ಲಾ ಎಂಬ ನಾಚಿಕೆಯೊಂದು. ಮುಂದೆ ಬರುವವರು ಇವರಿಗಿಂತ ಕಡಮೆಯಾದರೆ ಗತಿಯೇನೆಂಬ ಭಯವೊಂದು. ಎಲ್ಲಕ್ಕಿಂತ ಕೆಳಗೆ, ತಾನು ಕೂಗಿದುದು ಗೋವೆಗೆ ಕೇಳಿಸಲಾರದೆಂದು ತಿಳಿದಿದ್ದರೂ, ತನ್ನ ಕೂಗಿನಿಂದಲೇ ಹೀಗಾಯಿತೇನೋ ಎಂಬ ಮಗುವಿನಂತಹ ಅಪರಾಧಭಾವವೊಂದು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ತೆಗೆಯುತ್ತಿದ್ದ ನೆರೆಮನೆಯ ಯಜಮಾನರು, ಕಾರ್ಖಾನೆಯಿಂದ ನಿವೃತ್ತರಾದವರು, “ಸೋತ ಮೇಲೆ ಬಿಡಿಸದೆ ಪೂಜೆ ಮಾಡುತ್ತಾರೆಯೇನಮ್ಮಾ? ಸಂಬಳ ತೆಗೆದುಕೊಳ್ಳಲಿಲ್ಲವೇ?” ಎಂದು ನಕ್ಕರು. ಅವರ ನ್ಯಾಯದಲ್ಲಿ ತಪ್ಪಿರಲಿಲ್ಲ. ಆದರೂ ಮಗಳು ಮುಖವನ್ನು ತಿರುಗಿಸಿಕೊಂಡಳು.

ಇಲ್ಲಿ ನನ್ನ ಸ್ವಂತ ವಿಷಯವನ್ನು ಹೇಳಬೇಕಾಗಿದೆ; ವಾಚಕರು ಮನ್ನಿಸಬೇಕು.

ಈ ಸಂಗತಿಗೆ ಹತ್ತು ಹನ್ನೆರಡು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಹತ್ತನೆಯ ತರಗತಿಯ ಸಂಸ್ಕೃತ ಪಾಠವು ಬಹುಕಾಲದಿಂದ ನನ್ನದಾಗಿದ್ದಿತು. ಒಳ್ಳೆಯ ಫಲಿತಾಂಶವು ಬರುತ್ತಲೇ ಇದ್ದಿತು. ಒಂದು ವರ್ಷ ಮಾತ್ರ ನಾಲ್ಕಾರು ಹುಡುಗರು ತೇರ್ಗಡೆಯಾಗಲಿಲ್ಲ. ಪೋಷಕರು ಕೂಡಿ ಒಂದು ಮನವಿಯನ್ನು ಬರೆದು ಸಹಿ ಹಾಕಿ ಕೊಟ್ಟರು. ಮುಂದಿನ ಜೂನಿನಲ್ಲಿ ವೇಳಾಪಟ್ಟಿಯನ್ನು ನೋಡಿದರೆ ಆ ತರಗತಿಯು ನನ್ನಿಂದ ತಪ್ಪಿ ಕಿರಿಯರೊಬ್ಬರಿಗೆ ಹೋಗಿದ್ದಿತು. ಯಾರೂ ನನ್ನನ್ನು ಕರೆದು ಒಂದು ಮಾತು ಹೇಳಲಿಲ್ಲ. ಸಂಬಳವು ಕಡಮೆಯಾಗಲಿಲ್ಲ, ಹುದ್ದೆಯು ಹೋಗಲಿಲ್ಲ. ಆದರೂ ಆ ಗೋಡೆಯ ಮೇಲಿನ ಕಾಗದದ ಎದುರು ನಾನು ಎಷ್ಟು ಹೊತ್ತು ನಿಂತಿದ್ದೆನೋ ನನಗೇ ತಿಳಿಯದು.

ಕೆಲವು ದಿನಗಳ ಮೇಲೆ ಯಶವಂತಪುರದಲ್ಲಿ ಚಿಕ್ಕ ಅಂಗಡಿಯಿಟ್ಟುಕೊಂಡಿದ್ದ ಗೃಹಸ್ಥರೊಬ್ಬರು ನಮ್ಮ ಮನೆಗೆ ಬಂದರು. ಅವರ ಹಿರಿಯ ಮಗನು ನನ್ನಲ್ಲಿ ಓದಿ ಒಳ್ಳೆಯ ಅಂಕಗಳನ್ನು ಪಡೆದಿದ್ದನು. ಕಿರಿಯನು ಆ ಕೆಟ್ಟ ವರ್ಷ ಸೋತವರಲ್ಲಿ ಒಬ್ಬನು. ಕೈಯಲ್ಲಿ ಹಣ್ಣುಗಳಿದ್ದುವು. ಹೊಸಲಿನ ಹೊರಗೇ ನಿಂತು, “ಮೇಷ್ಟ್ರೇ, ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ. ಹಾಕಿದ ದಿನದಿಂದ ನಿದ್ರೆ ಬರುತ್ತಿಲ್ಲ” ಎಂದರು. ಕಣ್ಣು ತುಂಬಿದ್ದಿತು. ನಾನೇನು ಮಾಡಿದೆನು? “ತಾವು ಮಾಡಿದ್ದು ಸರಿಯೇ. ಹೋಗಿಬನ್ನಿ” ಎಂದೆನು. ಕುಳಿತುಕೊಳ್ಳಿರೆನ್ನಲಿಲ್ಲ. ಒಂದು ಲೋಟ ನೀರನ್ನೂ ಕೊಡಲಿಲ್ಲ. ಸಹಿಯನ್ನೂ ಹಾಕಿ ಕಣ್ಣೀರನ್ನೂ ಸುರಿಸುವವನು ಕಪಟಿಯೇ ಸರಿಯೆಂದು ನಿಶ್ಚಯಿಸಿ, ಆ ನಿಶ್ಚಯವನ್ನು ಹತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದೆನು.

ಈಗ ನನ್ನ ಮಗಳೇ, ಕಪಟವೆಂದರೇನೆಂದು ಅರಿಯದವಳು, ಅದೇ ಎರಡು ಮಾತುಗಳನ್ನು ಒಟ್ಟಿಗೆ ಆಡಿದಳು: ಬೇಡವೆಂದದ್ದೂ ನಿಜ, ಅಳು ಬರುತ್ತಿರುವುದೂ ನಿಜ.

ಆ ರಾತ್ರಿ ಭಾರತದ ಒಂದು ಸನ್ನಿವೇಶವು ನೆನಪಿಗೆ ಬಂದಿತು. ಕೌರವರ ಸೇನೆಯಲ್ಲಿ ಸೇನಾಪತಿಗಳು ಎಷ್ಟು ಬೇಗನೆ ಬದಲಾದರು! ಭೀಷ್ಮನು ಹತ್ತು ದಿನ, ದ್ರೋಣನು ಐದು ದಿನ, ಕರ್ಣನು ಎರಡು ದಿನ, ಶಲ್ಯನು ಅರ್ಧ ದಿನ. ಅವರನ್ನು ಯಾರೂ ಬಿಡಿಸಲಿಲ್ಲ, ರಣರಂಗವೇ ಕೆಡವಿತು. ಆದರೆ ಒಡೆಯನಾದ ದುರ್ಯೋಧನನ ಚುಚ್ಚುಮಾತುಗಳು ಅವರಿಗೂ ತಪ್ಪಲಿಲ್ಲ. ಭೀಷ್ಮನು ಸೇನಾಪತಿಯಾಗಿರುವವರೆಗೆ ತಾನು ಶಸ್ತ್ರವನ್ನು ಹಿಡಿಯೆನೆಂದು ಹಠಹಿಡಿದು ಹೊರಗುಳಿದವನು ಕರ್ಣನು. ಭೀಷ್ಮನು ಉರುಳಿದ ದಿನ ಅವನ ಇಷ್ಟವು ನೆರವೇರಿದಂತಾಯಿತಲ್ಲವೇ? ಆದರೆ ಅವನು ಮಾಡಿದುದೇನು? ಶರಶಯ್ಯೆಯ ಬಳಿಗೆ ಹೋಗಿ, ಕಣ್ಣೀರಿನಿಂದ ಗಂಟಲು ಕಟ್ಟಿ, ಪಾದಗಳಿಗೆ ಎರಗಿದನು. ಭೀಷ್ಮನಾದರೋ ಕಾವಲಿನವರನ್ನು ದೂರ ಕಳುಹಿಸಿ, ಮಗನನ್ನು ತಂದೆಯು ಅಪ್ಪುವಂತೆ ಒಂದು ಕೈಯಿಂದ ಅವನನ್ನು ಅಪ್ಪಿಕೊಂಡನು.

ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರಬಹುದು! ಹೇಳುವಾಗ ಹುಡುಗರ ಕಣ್ಣು ಒದ್ದೆಯಾದುದನ್ನು ಕಂಡು ಹೆಮ್ಮೆಪಟ್ಟವನೂ ನಾನೇ. ಮೈತುಂಬ ಬಾಣಗಳು ನೆಟ್ಟಿದ್ದಾಗಲೂ ಆ ಮುದುಕನಿಗೆ ಒಂದು ಕೈಯನ್ನು ಎತ್ತಲು ಸಾಧ್ಯವಾಯಿತು. ಒಂದು ವೇಳಾಪಟ್ಟಿಯ ಗಾಯವಾದ ನನಗೆ, ಹಣ್ಣು ಹಿಡಿದು ಬಂದವನಿಗೆ ಒಂದು ಮಣೆಯನ್ನು ಹಾಕಲು ಸಾಧ್ಯವಾಗಲಿಲ್ಲ.

ರೋಗದ ಹಾವಳಿಯು ತಗ್ಗಿದ ಮೇಲೆ ಯಶವಂತಪುರಕ್ಕೆ ಹೋದೆನು. ಅಂಗಡಿಯು ಅಲ್ಲಿಯೇ ಇದ್ದಿತು. ಅವರ ತಲೆ ಪೂರ್ತಿ ನೆರೆತಿದ್ದಿತು. “ಬನ್ನಿ ಮೇಷ್ಟ್ರೇ” ಎಂದು ಕುರ್ಚಿಯನ್ನು ತಾವೇ ಒರೆಸಿ ಹಾಕಿದರು. ಎದುರಿನ ಹೋಟೆಲಿನಿಂದ ಕಾಫಿ ಬಂದಿತು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ಅವರು ಬೀದಿಯ ತುದಿಯವರೆಗೆ ನನ್ನೊಡನೆ ಬಂದರು.

ಇನ್ನು ಆಟದ ಕಥೆಯನ್ನು ಮುಗಿಸುವೆನು. ಕ್ವಾಡ್ರಾಟ್ ಅವರನ್ನು ಕಳುಹಿಸಿದ ವರ್ಷ ತಂಡವೇನೂ ಮೇಲೇಳಲಿಲ್ಲ. ಏಳನೆಯ ಸ್ಥಾನದಲ್ಲಿ ನಿಂತಿತು. ಮುಂದೆ 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಎಂಬವರು ಬಂದರು. ಬಂದ ವರ್ಷವೇ ಡ್ಯುರಾಂಡ್ ಕಪ್ಪನ್ನು ಮೊದಲ ಸಲ ಗೆಲ್ಲಿಸಿಕೊಟ್ಟರು. 2023ರ ಮಾರ್ಚಿಯಲ್ಲಿ ಸೂಪರ್ ಲೀಗಿನ ಅಂತಿಮ ಪಂದ್ಯಕ್ಕೆ ಒಯ್ದರು. ಅಲ್ಲಿ ಪೆನಾಲ್ಟಿ ಹೊಡೆತಗಳಲ್ಲಿ ಕೋಲ್ಕತ್ತೆಯ ತಂಡಕ್ಕೆ ಜಯವಾಯಿತು. ಅದೇ ವರ್ಷದ ಡಿಸೆಂಬರ್ 8ರಂದು ಕಂಠೀರವದಲ್ಲಿ ಮುಂಬೈ ಸಿಟಿಯು ನಮ್ಮವರನ್ನು 4–0ಯಿಂದ ಮಣಿಸಿತು. ಮರುದಿನವೇ ಗ್ರೇಸನ್ ಅವರ ಅಧ್ಯಾಯವು ಮುಗಿಯಿತು. ಆ ಸಲ ತಂಡವು ಹತ್ತನೆಯ ಸ್ಥಾನಕ್ಕೆ ಇಳಿಯಿತು. ಆದರೆ ಅವರ ಬದಲಿಗೆ ಬಂದ ಜೆರಾರ್ಡ್ ಜರಗೋಜಾ ಅವರ ಕೈಕೆಳಗೆ, ಮುಂದಿನ ಸಲ, 2025ರ ಏಪ್ರಿಲಿನಲ್ಲಿ ಮತ್ತೆ ಅಂತಿಮ ಪಂದ್ಯವನ್ನು ಕಂಡಿತು. ಹೀಗೆ ಗುರುವನ್ನು ಬದಲಾಯಿಸಿದುದರಿಂದ ಒಮ್ಮೆ ಏನೂ ಆಗಲಿಲ್ಲ. ಮತ್ತೊಮ್ಮೆ ತಡವಾಗಿ ಫಲ ಸಿಕ್ಕಿತು. ಇದರಲ್ಲಿ ಸಿದ್ಧವಾದ ಸೂತ್ರವೇನೂ ಇಲ್ಲ.

ಕ್ವಾಡ್ರಾಟ್ ಅವರಾದರೋ ಮುಂದೆ ಕೋಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಗುರುಗಳಾಗಿ, 2024ರ ಜನವರಿಯಲ್ಲಿ ಅವರಿಗೆ ಸೂಪರ್ ಕಪ್ಪನ್ನು ಗೆಲ್ಲಿಸಿಕೊಟ್ಟರು. ಆ ವರ್ಷ ಸೆಪ್ಟೆಂಬರ್ 14ರಂದು ಅದೇ ತಂಡವನ್ನು ಕರೆದುಕೊಂಡು ನಮ್ಮ ಕಂಠೀರವಕ್ಕೆ ಎದುರಾಳಿಯಾಗಿ ಬಂದರು. ಮಗಳ ಬಲವಂತಕ್ಕೆ ನಾನೂ ಹೋದೆನು. ಪಶ್ಚಿಮ ಭಾಗದ ತಮಟೆಯ ಸದ್ದಿಗೆ ನನ್ನ ಕಿವಿಗಳು ಎರಡು ದಿನ ಗುಂಯ್‌ಗುಡುತ್ತಿದ್ದುವು. ನಮ್ಮ ಕ್ಲಬ್ಬಿನಲ್ಲೇ ಬೆಳೆದ ವಿನೀತ್ ವೆಂಕಟೇಶ್ ಎಂಬ ತರುಣನು ಗೋಲು ಹೊಡೆದನು. 1–0ಯಿಂದ ನಾವು ಗೆದ್ದೆವು. ಗೋಲಾದಾಗ ಮಗಳು ನನ್ನ ಭುಜವನ್ನು ಹಿಡಿದು ಅಲುಗಾಡಿಸಿದ ರಭಸಕ್ಕೆ ಕನ್ನಡಕವು ಕೆಳಗೆ ಬಿದ್ದಿತು.

ಆಟವು ಮುಗಿದು, ಸೋತ ತಂಡದವರು ಒಳಕ್ಕೆ ಹೊರಟರು. ಅವರ ನಡುವೆ ಕ್ವಾಡ್ರಾಟ್ ಅವರು ತಲೆ ತಗ್ಗಿಸಿ ಹೋಗುತ್ತಿದ್ದರು. ಆಗ ನನ್ನ ಮಗಳು, ನೀಲಿಯ ಅಂಗಿಯಲ್ಲಿದ್ದವಳು, ಗೆದ್ದ ತಂಡದವಳು, ಎದ್ದು ನಿಂತು ಅವರ ಕಡೆಗೆ ತಿರುಗಿ ಎರಡು ಕೈಗಳನ್ನೂ ತಲೆಯ ಮೇಲಕ್ಕೆತ್ತಿ ಚಪ್ಪಾಳೆ ತಟ್ಟಿದಳು. ಮೂರು ವರ್ಷ ಎಂಟು ತಿಂಗಳ ಹಿಂದೆ ಕೊಡಲಾಗದೆ ಉಳಿದ ಬೀಳ್ಕೊಡುಗೆಯನ್ನು ಅಂದು ಅವಳು ಕೊಟ್ಟಳು. ಅವರು ಅದನ್ನು ಕಂಡರೋ ಇಲ್ಲವೋ ನಾನರಿಯೆ. ಅದಾದ ಹದಿನಾರು ದಿನಗಳಲ್ಲಿ, ಮತ್ತೆರಡು ಸೋಲುಗಳ ತರುವಾಯ, ಅವರು ಆ ಪೀಠವನ್ನೂ ಬಿಟ್ಟರು.

ಮಾಡುವವರು ಬದಲಾಗಬೇಕಾದ ಸಂದರ್ಭವು ತಂಡಗಳಂತೆ ಸಂಸಾರಗಳಿಗೂ ಬರುವುದು. ಮಕ್ಕಳಿಗೆ ಪಾಠ ಹೇಳುವವರನ್ನು ಬದಲಾಯಿಸುತ್ತೇವೆ. ಮುಪ್ಪಿನಿಂದ ಕೈ ನಡುಗುವ ಅಡಿಗೆಯವರನ್ನು ನಿಲ್ಲಿಸುತ್ತೇವೆ. ತಲೆಮಾರಿನಿಂದ ಮನೆಗೆ ಬರುತ್ತಿದ್ದ ಪುರೋಹಿತರ ಬದಲಿಗೆ ಹೊಸಬರನ್ನು ಕರೆಯುತ್ತೇವೆ. ಅಗತ್ಯವಾದರೆ ಮಾಡಲೇಬೇಕು, ಉಪಕಾರವನ್ನು ನೆನೆದು ಅಪಾಯವನ್ನು ಸಹಿಸಿಕೊಂಡಿರಬೇಕೆಂದು ಯಾವ ಧರ್ಮವೂ ಹೇಳದು. ಆದರೆ ಆ ದಿನ ಅವರನ್ನು ಎದುರಿಗೆ ಕೂರಿಸಿಕೊಂಡು ಕಾರಣವನ್ನು ಹೇಳಿ, ಹಿಂದಿನ ಒಳ್ಳೆಯದನ್ನು ಬಾಯಿಬಿಟ್ಟು ನೆನೆದು, ಬಾಗಿಲವರೆಗೆ ಹೋಗಿ ಕಳುಹಿಸಿಕೊಡಬೇಕು. ಕಳುಹಿಸಿದವರು ಕಣ್ಣೀರಿಟ್ಟು ಬಂದರೆ, ಹೋದವರೂ ಒಂದು ಮಣೆಯನ್ನು ಹಾಕಬೇಕು.

ಕಂಠೀರವದಿಂದ ಹಿಂತಿರುಗುವಾಗ, “ಏನಮ್ಮಾ, ಗೆದ್ದದ್ದಕ್ಕೆ ಸಂತೋಷವೋ, ಅವರು ಸೋತದ್ದಕ್ಕೆ ದುಃಖವೋ?” ಎಂದು ಕೇಳಿದೆನು.

“ಎರಡೂ ಅಪ್ಪಾ” ಎಂದಳು. ಈ ಸಲ ಅವಳು ಅಳಲಿಲ್ಲ. ಮನೆಗೆ ಬಂದು ಅಮ್ಮನು ಬಡಿಸಿದ ಅನ್ನವನ್ನು ತೃಪ್ತಿಯಾಗಿ ಉಂಡಳು.